ಖಾನಾಪುರದ ಮಣ್ಣು

ಗುರುಪುತ್ರಪ್ಪ ಹಸಿರು ಸೀರೆಗಳನ್ನು ಒಂದೊಂದಾಗಿ ಕಪಾಟಿನಿಂದ ಇಳಿಸಿ ಗಾದಿಯ ಮೇಲೆ ಹರವುತ್ತಿದ್ದ. ಅಂಗಡಿಯ ಒಂದೇ ಹಲಗೆ ತೆಗೆದಿದ್ದರಿಂದ ಒಳಗೆ ಬೆಳಕು ಸಾಲದು. ಸೀರೆಯನ್ನು ಬಾಗಿಲ ಕಡೆ ಎತ್ತಿ ಹಿಡಿದು ನೋಡುವನು, ಮಡಚಿ ಪಕ್ಕಕ್ಕಿಡುವನು, ಇನ್ನೊಂದನ್ನು ಎಳೆಯುವನು. ಗಿರಾಕಿ ಮೂರನೆಯ ಸೀರೆ ಕೇಳುವ ಮೊದಲೇ ಎರಡನೆಯದಕ್ಕೆ ಒಪ್ಪಿಸಿಬಿಡುವ ಮನುಷ್ಯ ಅವನು. ಬೆಳಗಾವಿಯ ಶಹಾಪುರದ ಖಡೇಬಜಾರಿನಲ್ಲಿ ಅವನ ಕೈಗುಣದ ಮಾತು ಎಲ್ಲರಿಗೂ ಗೊತ್ತಿತ್ತು. ಇವತ್ತು ಅರ್ಧ ಕಪಾಟು ಖಾಲಿಯಾಗಿದ್ದರೂ ಅವನಿಗೆ ಒಂದೂ ಒಪ್ಪಿಗೆಯಾಗಿರಲಿಲ್ಲ.

ಹೊರಗೆ ಟೆಂಪೋ ನಿಂತಿತ್ತು. ತಮ್ಮ ನಾಗಲಿಂಗ ಮತ್ತೊಮ್ಮೆ ಬಾಗಿಲಿಗೆ ಬಂದ.

"ಅಣ್ಣಾ, ಯಾವುದರ ಒಂದು ತಗೋ. ಹೊತ್ತಾಗತೈತಿ. ಹೋಗಿ ವೈನೀನ ಕರಕೊಂಡ ಬರೂದ್ರೊಳಗ ಮಧ್ಯಾಹ್ನ ಆಕ್ಕೈತಿ. ಇಲ್ಲಿ ಕುಣಿ ಅಗಿಯಾಕ ಹೇಳಿ ಬಂದೇನಿ."

"ಎಲ್ಲಿ?"

"ಎಲ್ಲಿ ಅಂದ್ರ? ಅಪ್ಪ-ಅವ್ವನ ಬಾಜುಕ."

ಗುರುಪುತ್ರಪ್ಪ ಇನ್ನೊಂದು ಸೀರೆಯ ಮಡಿಕೆ ಬಿಚ್ಚಿದ. ನಾಗಲಿಂಗ ವೈನಿ ಎನ್ನುವ ತನ್ನ ಹೆಂಡತಿಗೆ ಯಾವ ಹಸಿರು ಇಷ್ಟವಾಗುತ್ತಿತ್ತು ಎಂದು ಅವನು ನೆನಪಿಸಿಕೊಳ್ಳುತ್ತಿದ್ದ. ನೆನಪಿಗೆ ಬರಲಿಲ್ಲ. ಬರುವ ಹಾಗೂ ಇರಲಿಲ್ಲ. ಗಂಗಾದೇವಿಯ ಸೀರೆಗಳನ್ನು ಮೊದಲು ಅವನ ತಾಯಿ ಆರಿಸುತ್ತಿದ್ದಳು. ತಾಯಿ ಹೋದ ಮೇಲೆ ಅಂಗಡಿಯಲ್ಲಿ ಮಾರಾಟವಾಗದೆ ಉಳಿದದ್ದನ್ನು ಅವಳು ಉಡುತ್ತಿದ್ದಳು. ಅರಿವೆ ವ್ಯಾಪಾರಿಯ ಹೆಂಡತಿ ಕೇಳಿ ಉಡುವುದು ಆ ಮನೆಯಲ್ಲಿ ರೂಢಿಯಲ್ಲಿರಲಿಲ್ಲ.

ಕೊನೆಗೆ ಎರಡು ಸೀರೆ ಬಗಲಲ್ಲಿ ಇಟ್ಟುಕೊಂಡು ಹೊರಗೆ ಬಂದ. ಉಳಿದವು ಗಾದಿಯ ಮೇಲೇ ಬಿದ್ದಿದ್ದವು. ಹಲಗೆ ಹಾಕುವಾಗ ಎದುರು ಮನೆಯ ಮುದುಕಿ ಕಟ್ಟೆಯ ಮೇಲಿಂದ ಕೂಗಿ ಕೇಳಿದಳು.

"ಏನಪಾ ಗುರುಪುತ್ರಪ್ಪಾ, ಹೊಸಾ ಸೊಸಿ ಹೋದಳಂತಲ್ಲೋ? ಖರೇ ಏನು?"

"ಖರೇನ ರೀ."

ಆ ಸುದ್ದಿಯನ್ನು ಬೆಳಗಿನ ಮೊದಲ ಬಸ್ಸಿಗೆ ಖಾನಾಪುರದಿಂದ ಬಂದ ಒಬ್ಬಾತ ಹೇಳಿ ಹೋಗಿದ್ದ. ಹೊಲಿಗೆ ಕಲಿಸುವ ಅಕ್ಕೋರು ಮಲಗಿದವರು ಮುಂಜಾನೆ ಏಳಲಿಲ್ಲ ಎಂದು. ಗುರುಪುತ್ರಪ್ಪನಿಗೆ ಅರವತ್ತು. ಗಂಗಾದೇವಿಗೆ ಐವತ್ತನಾಲ್ಕು. ಎಂಟು ವರ್ಷದಿಂದ ಅವನು ಇಲ್ಲಿ, ಅವಳು ಅಲ್ಲಿ. ಆದರೂ ಓಣಿಯವರ ಬಾಯಲ್ಲಿ ಅವಳು ಇನ್ನೂ ಹೊಸ ಸೊಸೆ. ಹದಿನಾರು ವರ್ಷದವಳಾಗಿ ಬಂದ ದಿನ ಅತ್ತೆ ಇಟ್ಟ ಆ ಹೆಸರು ಕೂದಲು ಬೆಳ್ಳಗಾದರೂ ಬಿಟ್ಟಿರಲಿಲ್ಲ.

ಟೆಂಪೋದ ಮುಂದಿನ ಸೀಟಿನಲ್ಲಿ ಮಗ ಗುರುಸಿದ್ದ ಕುಳಿತಿದ್ದ. ಹಿಂದೆ ನಾಲ್ಕಾರು ಜನ ಹೆಂಗಸರು, ಗಂಡಸರು. ಟಿಳಕವಾಡಿಯ ರೈಲ್ವೆ ಗೇಟು ಹಾಕಿತ್ತು. ಗಾಡಿ ಹೋಗುವವರೆಗೆ ಕಾಯಬೇಕಾಯಿತು. ಗೇಟು ತೆರೆದ ಮೇಲೆ ನಾಗಲಿಂಗ ಹೇಳಿದ, "ಹೆಂಗ ಆಗ್ಲಿ, ವೈನಿ ಕಡೀಕ ಮನಿಗೆ ಬರಾಕತ್ತಾರ."

*

ಎಂಟು ವರ್ಷದ ಹಿಂದಿನ ಬೇಸಿಗೆಯಲ್ಲಿ ಖಾನಾಪುರದ ಮಹಿಳಾ ಮಂಡಳದ ಇಬ್ಬರು ಹೆಂಗಸರು ಮಾದರಪಾಟ ಬಟ್ಟೆ ಕೊಳ್ಳಲು ಅಂಗಡಿಗೆ ಬಂದಿದ್ದರು. ಹೊಲಿಗೆ ತರಗತಿ ಸುರು ಮಾಡುವವರಿದ್ದರು. ಕಲಿಸುವವರು ಸಿಕ್ಕಿರಲಿಲ್ಲ. ಬೆಳಗಾವಿಯಿಂದ ಯಾರೂ ಅಲ್ಲಿಗೆ ಬರಲು ಒಪ್ಪುತ್ತಿಲ್ಲ ಎಂದು ಅವರು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಒಳಗಿನಿಂದ ಚಹಾ ತಂದ ಗಂಗಾದೇವಿ ತಟ್ಟೆ ಇಟ್ಟು ಅಲ್ಲಿಯೇ ನಿಂತಳು. "ನಾ ಬಂದ್ರ ನಡೀತೈತೇನ್ರಿ?" ಎಂದಳು.

ಗುರುಪುತ್ರಪ್ಪ ಚೇಷ್ಟೆ ಎಂದುಕೊಂಡು ನಕ್ಕಿದ್ದ. ಗಿರಾಕಿಗಳಿಗೆ ಜಂಪರ ಹೊಲಿದು ಕೊಡುವುದು ಅವಳ ಮನೆಗೆಲಸದ ಒಂದು ಭಾಗವಾಗಿತ್ತು, ರೊಟ್ಟಿ ಬಡಿದ ಹಾಗೆ. ಅದರ ಸಲುವಾಗಿ ಊರು ಬಿಡುತ್ತಾರೆಯೇ?

ಸಂಜೆ ಮಾಳಿಗೆಯ ಮೇಲೆ ಅವಳು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಾಗ ಅವನೇ ಮಾತು ತೆಗೆದ.

"ಇಲ್ಲೇನ ಕಡಿಮಿ ಆಗೇತಿ ನಿನಗ?"

"ಏನೂ ಕಡಿಮಿ ಆಗಿಲ್ರಿ."

"ಯಾರರ ಏನರ ಅಂದ್ರೇನು?"

"ಯಾರೂ ಏನೂ ಅಂದಿಲ್ರಿ."

"ನಾ ಏನರ..."

"ನೀವೂ ಏನೂ ಅಂದಿಲ್ಲ."

"ಮತ್ತ ಯಾಕ?"

ಗಂಗಾದೇವಿ ಕೈಕೆಲಸ ನಿಲ್ಲಿಸಲಿಲ್ಲ. "ಮದವಿ ಆಗಿ ಬರುವಾಗ ತೊಟ್ಟ ಜಂಪರ ಟ್ರಂಕಿನ್ಯಾಗ ಇನ್ನೂ ಐತ್ರಿ. ಹರದಿಲ್ಲ, ಬಣ್ಣಾ ಹೋಗಿಲ್ಲ. ಆದ್ರ ತೋಳಿಗೆ ಏರೂದಿಲ್ಲ. ಈ ಊರು ನನಗ ಹಂಗ ಆಗೇತಿ."

ಅರಿವೆಯ ಮಾತು ಬಂದಾಗ ಗುರುಪುತ್ರಪ್ಪನಿಗೆ ಉತ್ತರ ಗೊತ್ತಿರುತ್ತಿತ್ತು. "ಹೊಲಿಗಿ ಒಳಗ ಅರಿವಿ ಬಿಟ್ಟಿರ್ತಾರ. ಬಿಚ್ಚಿ ಹೊಲಕೋಬೇಕು."

"ಬಿಚ್ಚಿ ಬಿಚ್ಚಿ ಹೊಲಕೊಂತನ ಬಂದೇನ್ರಿ ಇಷ್ಟು ವರ್ಷ. ಒಳಗ ಬಿಟ್ಟಿದ್ದ ಅರಿವಿ ಈಗ ಮುಗದೈತಿ."

ಅವನು ಎದ್ದು ಕೆಳಗೆ ಹೋದ. ಆಮೇಲೆ ವಾರಗಟ್ಟಲೆ ಮನೆಯಲ್ಲಿ ಆ ಮಾತು ಅಲ್ಲಲ್ಲಿ ಎದ್ದು ಅಲ್ಲಲ್ಲೇ ಕುಳಿತಿತು. ನಾಗಲಿಂಗ "ವೈನಿ ಊರಿಗಿಂತ ದೊಡ್ಡಾವ್ರಾದ್ರೇನು?" ಎಂದು ಅಣ್ಣನನ್ನು ಕೇಳಿದ. ಅವನ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು. ಗುರುಸಿದ್ದನಿಗೆ ಆಗಷ್ಟೇ ನೌಕರಿ ಸಿಕ್ಕಿತ್ತು, ಅವನು ಯಾರ ಪರವಾಗಿಯೂ ಮಾತಾಡಲಿಲ್ಲ. ಗಂಗಾದೇವಿ ಒತ್ತಾಯ ಮಾಡಲಿಲ್ಲ, ಅಳಲಿಲ್ಲ. ಆದರೆ ಮಾತನ್ನು ಹಿಂದೆ ತೆಗೆದುಕೊಳ್ಳಲೂ ಇಲ್ಲ. ಒಂದು ದಿನ ಊಟಕ್ಕೆ ಕುಳಿತಾಗ ಗುರುಪುತ್ರಪ್ಪ, "ಸೋಮವಾರ ಅಂಗಡಿ ಬಂದ್ ಇರತೈತಿ. ಅವತ್ತು ಬಸ್ಸಿಗೆ ಕುಂದರಿಸ್ತೇನಿ," ಎಂದ.

ಹೊಲಿಗೆ ಮಷೀನನ್ನು ಹಮಾಲನ ತಲೆಯ ಮೇಲೆ ಹೊರಿಸಿ, ಟ್ರಂಕನ್ನು ತಾನೇ ಹಿಡಿದು ಬಸ್ ಸ್ಟ್ಯಾಂಡಿಗೆ ಬಂದ. ಕಂಡಕ್ಟರ ಮಷೀನನ್ನು ಟಾಪಿಗೆ ಹಾಕಲು ಹೊರಟಾಗ ತಡೆದು, "ಮ್ಯಾಲ ಬ್ಯಾಡಪಾ, ಒಳಗ ಇಡು. ಧಕ್ಕಿ ಹತ್ತಿದ್ರ ಹೊಲಿಗಿ ತಪ್ಪತೈತಿ," ಎಂದು ಬೇಡಿಕೊಂಡ. ಬಸ್ಸು ಹೊರಟಿತು. ಅವಳು ಕಿಟಕಿಯಿಂದ, "ಶನಿವಾರ ಬರ್ತೇನ್ರಿ," ಎಂದಳು. ಇವನು, "ಹೂಂ," ಎಂದ.

ಬರುತ್ತಿದ್ದಳು ಕೂಡ. ಮೊದಮೊದಲು ಪ್ರತಿ ಶನಿವಾರ. ಮಳೆಗಾಲದಲ್ಲಿ ಖಾನಾಪುರದ ಮಳೆ ಅಂದರೆ ಮಳೆಯೇ, ಒಂದು ವಾರ ತಪ್ಪಿತು, ಮತ್ತೊಂದು ವಾರ ತಪ್ಪಿತು. ಆಮೇಲೆ ಹದಿನೈದು ದಿನಕ್ಕೊಮ್ಮೆ. ಆಮೇಲೆ ಹಬ್ಬಕ್ಕೆ, ಲಗ್ನಕ್ಕೆ. ಅವಳು ಮನೆ ಬಿಟ್ಟ ದಿನ ಯಾವುದು ಎಂದು ಯಾರಾದರೂ ಕೇಳಿದ್ದರೆ ಗುರುಪುತ್ರಪ್ಪನಿಗೆ ಹೇಳಲು ಬರುತ್ತಿರಲಿಲ್ಲ. ಅಂಥದೊಂದು ದಿನ ಇರಲಿಲ್ಲ.

ಅವನು ಮಾತ್ರ ಒಮ್ಮೆಯೂ ಖಾನಾಪುರಕ್ಕೆ ಹೋಗಲಿಲ್ಲ. ಹೆಂಡತಿಯ ಮನೆಗೆ ಗಂಡ ನೆಂಟನ ಹಾಗೆ ಚೀಲ ಹಿಡಿದು ಹೋಗುವುದು ಹೇಗೆ ಎಂಬುದೇ ಅವನಿಗೆ ತಿಳಿಯಲಿಲ್ಲ. ಅದರ ಬದಲು ಅಂಗಡಿಯಲ್ಲಿ ಉಳಿದ ತುಂಡು ಅರಿವೆಗಳನ್ನು ಗಂಟು ಕಟ್ಟಿ ಶನಿವಾರದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಡುತ್ತಿದ್ದ. ಹುಡುಗಿಯರು ಕೈ ಪಳಗಿಸಿಕೊಳ್ಳಲಿ ಎಂದು.

*

ಓಣಿ ಇಕ್ಕಟ್ಟಾಗಿದ್ದರಿಂದ ಟೆಂಪೋ ಖಾನಾಪುರದ ಸ್ಟೇಶನ್ ರಸ್ತೆಯಲ್ಲಿಯೇ ನಿಂತಿತು. ಎಲ್ಲರೂ ನಡೆದು ಹೋದರು. ಕೆಂಪು ಹೆಂಚಿನ ಮನೆ, ಮುಂದೆ ದೊಡ್ಡ ಪಡಸಾಲೆ. ಅಂಗಳದ ತುಂಬ ಹೆಂಗಸರು. ಕೆಲವರು ಕನ್ನಡದಲ್ಲಿ, ಕೆಲವರು ಮರಾಠಿಯಲ್ಲಿ ಅಳುತ್ತಿದ್ದರು. ಬೆಳಗಾವಿಯಿಂದ ಬಂದವರಿಗೆ ದಾರಿ ಬಿಟ್ಟರು. ಆದರೆ ಅವರಲ್ಲಿ ಗಂಡ ಯಾರು ಎಂದು ಯಾರಿಗೂ ತಿಳಿಯಲಿಲ್ಲ.

ಬಾಗಿಲ ಬಳಿ ನಿಂತಿದ್ದ ಬಿಳಿ ಸೀರೆಯ ಹೆಂಗಸು ಒಂದು ಹೆಜ್ಜೆ ಮುಂದೆ ಬಂದಳು. ಅಕ್ಕಾತಾಯಿ, ಗಂಗಾದೇವಿ ಇದ್ದ ಆ ಮನೆಯ ಒಡತಿ. ಜೈನರಾಕೆ, ಗಂಡ ಹೋಗಿ ಬಹಳ ವರ್ಷವಾಗಿತ್ತು. ನಾಗಲಿಂಗನನ್ನು, ಗುರುಪುತ್ರಪ್ಪನನ್ನು ಒಂದು ಗಳಿಗೆ ನೋಡಿ, "ಗುರುಪುತ್ರಪ್ಪನವರು ನೀವೇನ್ರಿ?" ಎಂದಳು.

"ಹೌದ್ರಿ."

"ಒಳಗ ಬರ್ರಿ. ಒಳಗ ಅದಾರ."

ಅತಿಥಿಗೆ ಹೇಳುವ ಮಾತು ಅದು. ಅವನು ಚಪ್ಪಲಿ ಬಿಟ್ಟು ಒಳಗೆ ಹೋದ.

ಪಡಸಾಲೆಯಲ್ಲಿ ಮಷೀನುಗಳನ್ನು ಗೋಡೆಗೆ ಸರಿಸಿದ್ದರು. ನಡುವೆ ಗಂಗಾದೇವಿಯನ್ನು ಗೋಡೆಗೆ ಆನಿಸಿ ಕೂರಿಸಿ, ಕತ್ತು ವಾಲದ ಹಾಗೆ ಬಟ್ಟೆ ಕಟ್ಟಿದ್ದರು. ಹಣೆಗೆ ವಿಭೂತಿ ಹಚ್ಚಿತ್ತು. ಕೆಳಗೆ ತುಂಡು ಅರಿವೆಗಳ ಕೌದಿ ಹಾಸಿತ್ತು. ಅವಳು ಸ್ವಲ್ಪ ದಪ್ಪಗಾಗಿದ್ದಳು. ಮೂಗಿನ ಮೇಲೆ ಚಾಳೀಸಿನ ಕನ್ನಡಕದ ಗುರುತು ಬಿದ್ದಿತ್ತು. ಅವಳಿಗೆ ಚಾಳೀಸು ಬಂದದ್ದು ಅವನಿಗೆ ಗೊತ್ತಿರಲಿಲ್ಲ. ಅವನ ಕಣ್ಣು ಕೌದಿಯ ಮೇಲೆ ಹರಿಯಿತು. ನೀಲಿ ಚೌಕಳಿ, ಹಳದಿ ಹೂವಿನ ಚೀಟಿ ಬಟ್ಟೆ, ಲಗ್ನದ ಹಂಗಾಮಿನಲ್ಲಿ ತರಿಸಿ ನಷ್ಟವಾಗಿದ್ದ ಬದನೆಕಾಯಿ ಬಣ್ಣದ ಸಾಟೀನು. ಎಲ್ಲ ಅವನ ಅಂಗಡಿಯವೇ.

"ಗಂಟು ಕಳಿಸ್ತಿದ್ದವರು ನೀವ ಅಲ್ರಿ?" ಎಂದು ಒಬ್ಬ ಹೆಂಗಸು ಕೇಳಿದಳು. ಮೂವತ್ತರ ಆಚೀಚಿನವಳು, ಬೀಡಿ ಎಂಬ ಊರಿನವಳಂತೆ, ಕಾಶವ್ವ ಎಂದು ಹೆಸರು. ಮೊದಲ ವರ್ಷ ಕಲಿಯಲು ಬಂದವಳು, ಈಗ ಗಂಗಾದೇವಿಯ ಜೊತೆ ಕಲಿಸುತ್ತಿದ್ದಳು. "ಶನಿವಾರ ಗಂಟು ಬಿಚ್ಚೂದಂದ್ರ ನಮಗ ಹಬ್ಬ ಇದ್ದಂಗ ರೀ. ಅಕ್ಕೋರು ಎಲ್ಲಾರ್ನೂ ಕರದು ಕುಂದರಿಸಿ ಬಿಚ್ಚತಿದ್ರು."

ಗುರುಪುತ್ರಪ್ಪ ಬಗಲಲ್ಲಿದ್ದ ಸೀರೆಗಳನ್ನು ಮುಂದೆ ಚಾಚಿದ. "ಇದರಾಗ ಯಾವುದು... ನೀವ ನೋಡ್ರಿ."

ಕಾಶವ್ವ ಯೋಚಿಸಲಿಲ್ಲ. ಎಳೆಯ ಬಾಳೆ ಎಲೆಯ ಬಣ್ಣದ್ದನ್ನು ತೆಗೆದುಕೊಂಡಳು. "ಗಾಢ ಬಣ್ಣ ಅವರಿಗೆ ಸೇರತಿದ್ದಿಲ್ರಿ." ಸೀರೆಯ ಕೊನೆಯಲ್ಲಿದ್ದ ಕುಪ್ಪಸದ ತುಂಡನ್ನು ಅಳೆದು ಕತ್ತರಿಸಿದಳು. ಗೋಡೆಗೆ ಸರಿಸಿದ್ದ ಮಷೀನೊಂದನ್ನು ಮುಂದಕ್ಕೆ ಎಳೆದು ಕುಳಿತಳು.

ಮಷೀನಿನ ಸದ್ದಿಗೆ ಅಂಗಳದ ಅಳು ನಿಂತಿತು. ಟೆಂಪೋದಲ್ಲಿ ಬಂದಿದ್ದ ಹೆಂಗಸೊಬ್ಬಳು ಬಾಯಿ ಮೇಲೆ ಕೈಯಿಟ್ಟುಕೊಂಡಳು. "ಇದೇನವ್ವಾ ಇದು! ಹೆಣದ ಮುಂದ ಮಷೀನ ತುಳಿತಾರೇನು? ಅಂಗಡಿಯಿಂದ ಹೊಲದಿದ್ದು ತರಬಾರದಾ?"

"ಅಂಗಡಿದು ಅವರು ಎಂದೂ ತೊಡಲಿಲ್ಲ ರೀ," ಎಂದಳು ಕಾಶವ್ವ, ತಲೆ ಎತ್ತದೆ. ಕಣ್ಣೀರು ಬಟ್ಟೆಯ ಮೇಲೆ ಬೀಳದ ಹಾಗೆ ಆಗಾಗ ಮುಖವನ್ನು ತೋಳಿಗೆ ಒರೆಸಿಕೊಳ್ಳುತ್ತಿದ್ದಳು.

"ತುಳೀಲಿ," ಎಂದ ಗುರುಪುತ್ರಪ್ಪ. ಅಂದವನು ಅಲ್ಲಿಯೇ ಕಂಬಕ್ಕೆ ಒರಗಿ ಕುಳಿತ.

ಮುತ್ತೈದೆಯರು ಸೀರೆ ಉಡಿಸಿ, ಬಳೆ ಹಾಕಿ, ಉಡಿ ತುಂಬಿದರು. ಅಕ್ಕಾತಾಯಿ ಹೊಸ್ತಿಲಾಚೆಯೇ ನಿಂತು ನೋಡುತ್ತಿದ್ದಳು. ಆಗ ವಿಧಿ ಮಾಡಿಸುವ ಊರಿನ ಜಂಗಮರು ಚನ್ನಬಸಯ್ಯನವರು ಬಂದರು. ಅಂಗಳದಲ್ಲಿ ಹಾಕಿದ್ದ ಮಣೆಯ ಮೇಲೆ ಕುಳಿತು ಕೇಳಿದರು, "ವಿಧಿ ಇಲ್ಲೇ ಮಾಡೂದೋ, ಒಯ್ಯೂದೋ? ಏನ ವಿಚಾರ ಮಾಡೀರಿ?"

"ಬೆಳಗಾವಿಗೆ ಒಯ್ತೇವ್ರಿ ಅಯ್ಯಾರ," ಎಂದ ನಾಗಲಿಂಗ. "ಟೆಂಪೋ ತಂದೇವಿ. ಅಲ್ಲಿ ಕುಣಿ ತಯಾರ ಐತಿ."

ಅಂಗಳದಲ್ಲಿ ಗುಜುಗುಜು ಎದ್ದಿತು. ಒಯ್ಯುತ್ತಾರಂತೆ, ಘೇಊನ ಜಾಣಾರ, ಎಂದು ಎರಡು ಭಾಷೆಯಲ್ಲೂ ಸುದ್ದಿ ಹಿಂದಿನ ಸಾಲಿಗೆ ಹೋಯಿತು. ಒಬ್ಬ ಮುದುಕ ಎದ್ದು ನಿಂತು, "ನಮ್ಮೂರಿಗೆ ಬಂದು ಇಷ್ಟು ವರ್ಷ ಆತ್ರಿ ಅವರು. ನಮಗೂ ಒಂದು ಹಿಡಿ ಮಣ್ಣು ಹಾಕಾಕ ಬ್ಯಾಡೇನ್ರಿ?" ಎಂದ.

"ಮನಿ ಮಂದಿ ನಾವದೇವಲ್ರಿ," ಎಂದ ನಾಗಲಿಂಗ.

ಕಾಶವ್ವ ಹೊರಗೆ ಬಂದು ಅಕ್ಕಾತಾಯಿಯ ಕೈ ಹಿಡಿದಳು. "ನೀವು ಹೇಳ್ರಿ ಅಕ್ಕಾತಾಯಿ. ಇಲ್ಲೇ ಮಣ್ಣು ಮಾಡ್ರಿ ಅಂತ ಅಕ್ಕೋರು ಹೇಳಿದ್ರು ಅಂತ ಹೇಳ್ರಿ. ನಿಮ್ಮ ಮಾತು ಕೇಳ್ತಾರ."

ಎಲ್ಲರೂ ಅಕ್ಕಾತಾಯಿಯ ಕಡೆ ತಿರುಗಿದರು. ಗುರುಪುತ್ರಪ್ಪನೂ ನೋಡಿದ. ಅಕ್ಕಾತಾಯಿ ಮೆಲ್ಲಗೆ ಕೈ ಬಿಡಿಸಿಕೊಂಡಳು.

"ಹಂಗ ಆಕಿ ಹೇಳಿಲ್ಲವಾ. ಹೇಳಲಾರದ್ದು ಹೇಳ್ಯಾಳ ಅಂತ ನಾ ಹೆಂಗ ಅನ್ಲಿ?" ಆಮೇಲೆ ಗುರುಪುತ್ರಪ್ಪನಿಗೆ ಹೇಳಿದಳು. "ಸಾಯೂ ಮಾತು ನಾವು ಎಂದೂ ಆಡಿಲ್ರಿ. ನಾ ಹೊತ್ತು ಮುಳುಗಿದ ಮ್ಯಾಲ ಉಣ್ಣಾಂಗಿಲ್ಲ. ಒಬ್ಬಾಕಿ ಉಣ್ಣೂದು ನೋಡಲಾರದ ಆಕಿನೂ ಬೆಳಕ ಇರೂದ್ರೊಳಗ ನನ್ನ ಜೋಡಿ ಉಣ್ಣಾಕ ಕುಂದರತಿದ್ಲು. ಆವಾಗ ಏನ ಮಾತು? ಕಿಟಕಿಗೆ ಯಾವ ಬಣ್ಣಾ ಹಚ್ಚಬೇಕು, ಯಾವ ಹುಡುಗಿ ಕೈ ಚಲೋ ಐತಿ, ಇಂಥಾವ. ಯಾವುದೂ ಇವತ್ತಿನ ಉಪಯೋಗಕ್ಕ ಬರೂ ಮಾತಲ್ಲ. ನನಗ ಏನೂ ಹೇಳಾಕ ಬರೂದಿಲ್ರಿ. ನಿಮ್ಮ ಹೆಂಡತಿ. ನಿಮಗ ಗೊತ್ತು."

ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅವಳು ಒಳಗೆ ಹೋದಳು.

*

ಎರಡು ವರ್ಷದ ಹಿಂದಿನ ದೀಪಾವಳಿ ಪಾಡ್ಯದ ದಿನ. ಅಂಗಡಿಯ ಪೂಜೆ ಮುಗಿದಿತ್ತು. ಜನ ಪ್ರಸಾದ ತೆಗೆದುಕೊಂಡು ಹೋಗಿದ್ದರು. ಹಬ್ಬಕ್ಕೆ ಬಂದಿದ್ದ ಗಂಗಾದೇವಿ ಗಾದಿಯ ತುದಿಯಲ್ಲಿ ಕುಳಿತು ಬಾಳೆ ಎಲೆಗಳನ್ನು ಒಟ್ಟುಗೂಡಿಸುತ್ತಿದ್ದಳು.

"ನೀವೂ ಬರ್ರಿ ಅಲ್ಲಿಗೆ," ಎಂದಳು.

ಗುರುಪುತ್ರಪ್ಪ ಅಳತೆಯ ಗಜಕೋಲಿಗೆ ಹಾಕಿದ್ದ ಹೂವು ತೆಗೆಯುತ್ತಿದ್ದವನು ತಿರುಗಿ ನೋಡಿದ. "ಎಲ್ಲಿಗೆ?"

"ಖಾನಾಪುರಕ್ಕ. ಅಂಗಡಿ ನಾಗಲಿಂಗ ನೋಡ್ಕೋತಾನ. ಮಗಾ ಸೊಸಿ ಮನಿ ನೋಡ್ಕೋತಾರ."

"ನಾ ಅಲ್ಲಿ ಬಂದು ಏನ ಮಾಡ್ಲಿ?"

"ಹೊಳಿ ಐತಿ. ಸಂಜೀಕ ಅಡ್ಡಾಡಾಕ ಹೋಗಬಹುದು. ಅಕ್ಕಾತಾಯಿ ಮಾಡೂ ಪಲ್ಯಾ ನಿಮಗ ಸೇರತೈತಿ."

"ಹೆಂಡತಿ ಮನಿಯಾಗ ಕುಂತು ಉಣ್ಣೂದೇನು?"

"ನಾ ಗಂಡನ ಮನಿಯಾಗ ಕುಂತು ಉಂಡಿಲ್ಲೇನ್ರಿ?" ಎಂದು ಅವಳು ನಕ್ಕಳು. ಕುಟುಕುವ ನಗೆಯಲ್ಲ, ನಿಜಕ್ಕೂ ನಗು ಬಂದಿತ್ತು. ಅವನಿಗೂ ಬಂತು. ಆ ಗಳಿಗೆಯಲ್ಲಿ ಹೂಂ ಎಂದುಬಿಡುವ ಹಾಗೆ ಆಗಿತ್ತು. ಬಾಗಿಲಾಚೆ ಶಹಾಪುರದ ರಸ್ತೆ ಪಟಾಕಿಯ ಹೊಗೆಯಲ್ಲಿ ಮಸುಕಾಗಿತ್ತು. ಆ ರಸ್ತೆಯಲ್ಲಿ ಅವನಿಗೆ ನಮಸ್ಕಾರ ಮಾಡದೆ ದಾಟುವವರಿರಲಿಲ್ಲ. ಅವನಿಗೆ ಆ ಊರು ಎಲ್ಲಿಯೂ ಬಿಗಿಯಾಗಿರಲಿಲ್ಲ, ಚುಚ್ಚುತ್ತಿರಲಿಲ್ಲ. ಹೊಸ ಊರಿನಲ್ಲಿ ಅವನು ಯಾರು? ಹೊಲಿಗೆ ಅಕ್ಕೋರ ಗಂಡ.

"ಯುಗಾದಿ ಆಗ್ಲಿ, ನೋಡೂಣು," ಎಂದ.

ಯುಗಾದಿ ಆಯಿತು. ಅದರ ಬೆನ್ನಿಗೇ ಲಗ್ನದ ಹಂಗಾಮು. ಆಮೇಲೆ ಸಾಲಿ ಸುರುವಾಗುವ ದಿನಗಳು, ಸಮವಸ್ತ್ರದ ಗಿರಾಕಿಗಳು. ಆಮೇಲೆ ನಾಗರ ಪಂಚಮಿ, ದಸರೆ, ಮತ್ತೆ ದೀಪಾವಳಿ. ಅರಿವೆ ಅಂಗಡಿಗೆ ಹಂಗಾಮಿಲ್ಲದ ತಿಂಗಳು ಯಾವುದೂ ಇರಲಿಲ್ಲ. ಅವಳು ಎರಡನೆಯ ಸಲ ಕೇಳಲಿಲ್ಲ.

*

"ಏಳ ಅಣ್ಣಾ," ಎಂದ ನಾಗಲಿಂಗ. "ಎತ್ತೂಣು. ಊರಾಗ ಮಂದಿ ಕಾಯಾಕತ್ತೈತಿ. ವೈನಿ ಹಠಾ ಇಲ್ಲಿಗೆ ಮುಗೀತು ಅಂತ ಆಗ್ಲಿ. ಇನ್ನರ ಮಂದಿ ಬಾಯಿ ಮುಚ್ಚತೈತಿ."

ಗುರುಪುತ್ರಪ್ಪ ಕಂಬ ಹಿಡಿದು ಎದ್ದ.

"ಇಲ್ಲೇ ಮಾಡೂಣು," ಎಂದ.

"ಏನು?"

"ಇಲ್ಲೇ ಮಣ್ಣು ಮಾಡೂಣು. ಅಯ್ಯಾರ, ಕುಣಿ ಅಗಿಯಾಕ ಯಾರಿಗೆ ಹೇಳಬೇಕ್ರಿ?"

ನಾಗಲಿಂಗ ಅಣ್ಣನನ್ನು ತೋಳು ಹಿಡಿದು ಗೋಡೆಯ ಪಕ್ಕಕ್ಕೆ ಒಯ್ದ. ದನಿ ತಗ್ಗಿಸಬೇಕೆಂದುಕೊಂಡಿದ್ದನೋ ಏನೋ, ತಗ್ಗಲಿಲ್ಲ. "ನಿನಗ ತಲಿ ಕೆಟ್ಟೈತೇನು? ಅಲ್ಲಿ ಕುಣಿ ಬಾಯಿ ತಕ್ಕೊಂಡ ಕುಂತೈತಿ. ಅಗದದ್ದು ಹಂಗ ಮುಚ್ಚಬಾರದು. ನಮ್ಮ ಅವ್ವನ ಬಾಜುಕ ಇಡಬೇಕಾದಾಕಿನ್ನ ಯಾವುದೋ ಊರಾಗ ಬಿಟ್ಟ ಬಂದ್ರು ಅಂತಾರ ಮಂದಿ."

"ಅನ್ಲಿ."

"ನನಗ ಮಂದೀದು ಅಲ್ಲೋ ಅಣ್ಣಾ!" ಅವನ ಮುಖ ಒಮ್ಮೆಲೇ ಹುಡುಗನದಾಯಿತು. ನಲವತ್ತೈದರ ಗಂಡಸು ಎಲ್ಲರ ಮುಂದೆ ಅತ್ತ. "ಏಳು ವರ್ಷದಾಂವ ಇದ್ನಿ ಆಕಿ ಬಂದಾಗ. ಅವ್ವ ಹೊಡಿಯಾಕ ಬಂದ್ರ ಆಕಿ ಸೆರಗಿನ್ಯಾಗ ಹೋಗಿ ನಿಂದರತಿದ್ನಿ. ಆಕಿ ಹೋದಾಗಿಂದ ಆ ಮನಿಗೆ ಕಳಾ ಇಲ್ಲ. ಒಮ್ಮಿ ಮನಿಗೆ ಕರಕೊಂಡ ಹೋಗೂಣು ಅಂದ್ರ ತಪ್ಪೇನು?"

ಗುರುಪುತ್ರಪ್ಪ ತಮ್ಮನ ಭುಜದ ಮೇಲೆ ಕೈ ಇಟ್ಟ.

"ತಪ್ಪಲ್ಲೋ ನಾಗ್ಯಾ. ಆದ್ರ ಆಕಿ ಹಠಾ ಮಾಡಿ ಬಂದಾಕಿ ಅಲ್ಲ. ಸಿಟ್ಟಿಲೆ ಬಂದಾಕಿನೂ ಅಲ್ಲ. ನಾನ ಬಸ್ಸಿಗೆ ಕುಂದರಿಸಿ ಕಳಿಸಿನಿ. ಜೀವಾ ಇದ್ದಾಗ ತಿರುಗಿ ಬರ್ತೇನಿ ಅನ್ನಲಿಲ್ಲ. ಈಗ ಬಾಯಿ ಇಲ್ಲ ಅಂತ ಎತ್ಕೊಂಡ ಹೋಗೂದೇನು?"

"ಮತ್ತ ನೀ? ಅಪ್ಪ-ಅವ್ವನ ಬಾಜುಕ ನಿಮ್ಮಿಬ್ಬರ ಸಲುವಾಗಿ ಜಾಗಾ ಹಿಡಿದಿಟ್ಟಾಂವ ನೀನು. ನಾಳೆ ನಿನ್ನ ಎಲ್ಲಿಗೆ ಒಯ್ಯೂಣು? ಅದನ್ನರ ಹೇಳು."

ಗುರುಪುತ್ರಪ್ಪ ತಮ್ಮನ ಭುಜದಿಂದ ಕೈ ತೆಗೆದ. ಮಗ ಗುರುಸಿದ್ದ ನಡುವೆ ಬಂದ. "ಕಾಕಾ, ಅಪ್ಪ ಹೇಳಿದ್ಹಂಗ ಆಗ್ಲಿ. ಅವ್ವ ಬಸ್ಸಿಗೆ ಹೋಗುವಾಗ ನಾವ ಯಾರೂ ಒಂದು ಮಾತು ಆಡಲಿಲ್ಲ. ಅಪ್ಪ ಒಬ್ಬಾಂವ ಟ್ರಂಕ ಹೊತ್ತಾಂವ."

ಚನ್ನಬಸಯ್ಯನವರು ಮಣೆಯಿಂದ ಎದ್ದರು. "ಅಲ್ಲೀ ಕುಣಿಗೆ ನಾಕು ಪತ್ರಿ, ಒಂದು ಹಿಡಿ ವಿಭೂತಿ ಹಾಕಿ ಮುಚ್ಚಾಕ ಹೇಳಿ ಕಳಿಸ್ರಿ. ಏನೂ ಆಗಾಂಗಿಲ್ಲ. ಯಾರರ ಒಬ್ರು ಬಂಡೆಪ್ಪನ್ನ ಕರೀರಿ."

ಟೆಂಪೋ ಖಾಲಿಯಾಗಿಯೇ ಬೆಳಗಾವಿಗೆ ಹೋಗಿ, ಓಣಿಯ ಜನರನ್ನು ತುಂಬಿಕೊಂಡು ತಿರುಗಿ ಬಂತು. ಎದುರು ಮನೆಯ ಮುದುಕಿ ಕೂಡ ಅದರಲ್ಲಿ ಬಂದಳು. ಬಿದಿರಿನ ವಿಮಾನ ಕಟ್ಟುವ ಕೆಲಸವನ್ನು ಊರಿನ ಗಂಡಸರು ತಾವೇ ಹಂಚಿಕೊಂಡಿದ್ದರು. ಬಾಳೆ ಕಂಬ ಕಟ್ಟಿ, ಚೆಂಡು ಹೂ ಇಳಿಬಿಟ್ಟು ಗಂಗಾದೇವಿಯನ್ನು ಅದರಲ್ಲಿ ಕೂರಿಸಿದರು. ಮುಂದೆ ಭಜನೆಯವರು, ಹಿಂದೆ ಹೆಂಗಸರು. ಸ್ಟೇಶನ್ ರಸ್ತೆಯಲ್ಲಿ ಮೆರವಣಿಗೆ ಹೋಗುವಾಗ ಅಂಗಡಿಕಾರರು ಹೊರಗೆ ಬಂದು ಕೈ ಮುಗಿದರು. ಮುದುಕಿ ಗುರುಪುತ್ರಪ್ಪನ ಪಕ್ಕ ಕುಂಟುತ್ತ ನಡೆಯುತ್ತಿದ್ದಳು.

"ಇಷ್ಟು ಮಂದಿ ಎಲ್ಲಿಯವರೋ ಗುರುಪುತ್ರಪ್ಪಾ? ಎಲ್ಲಾರಿಗೂ ಆಕಿ ಏನಾಗಬೇಕು?"

"ಕಲಿಸ್ಯಾಳ ರೀ ಅವರಿಗೆ."

"ಗಂಗಾದೇವಿ, ಗಂಗಾದೇವಿ ಅಂತಾರಲ್ಲ. ಆಕಿ ಹೆಸರು ಗಂಗಾದೇವಿ ಏನೋ?" ಎಂದು ಮುದುಕಿ ಕೇಳಿದಳು. ಮೂವತ್ತು ವರ್ಷ ಎದುರು ಮನೆಯಿಂದ ಗಂಗಾದೇವಿಯನ್ನು ಕಂಡವಳು ಆ ಮುದುಕಿ.

ಊರಾಚೆ ಹೊಳೆಯ ಕಡೆಗೆ ಇಳಿಜಾರಾದ ಜಾಗ. ಬಂಡೆಪ್ಪ ಕುಣಿ ಅಗಿದು, ಬದಿಗೆ ನಿಂತು ಬೀಡಿ ಸೇದುತ್ತಿದ್ದ. ಜನ ಬಂದದ್ದು ಕಂಡು ಎಸೆದ. ಅಯ್ಯನವರು ಮಂತ್ರ ಹೇಳಿದರು. ಕೆಳಗಿನಿಂದ ಹಿಡಿದುಕೊಳ್ಳಲು ಒಬ್ಬರು ಬೇಕಾದಾಗ, ಯಾರೂ ಹೇಳದೆ ನಾಗಲಿಂಗ ಅಂಗಿ ಕಳಚಿ ಕುಣಿಯೊಳಗೆ ಇಳಿದ. ಎರಡೂ ಕೈ ಮೇಲೆತ್ತಿ ವೈನಿಯನ್ನು ಇಳಿಸಿಕೊಂಡ. ಕುಣಿಯ ಬದಿಯ ಗೂಡಿನಲ್ಲಿ ಕೂರಿಸಿ, ಸೆರಗು ಸರಿಮಾಡಿ, ಮೇಲೆ ಬಂದ. ಎಡಗೈಯಲ್ಲಿ ಲಿಂಗ, ಸುತ್ತ ವಿಭೂತಿ, ಪತ್ರಿ. ಗುರುಪುತ್ರಪ್ಪ ಮೊದಲ ಹಿಡಿ ಮಣ್ಣು ಹಾಕಿದ. ಆಮೇಲೆ ಮಗ. ಆಮೇಲೆ ಸಾಲು ಬಿಡದೆ ಊರು. ಎಲ್ಲರದೂ ಆದ ಮೇಲೆ ಅಕ್ಕಾತಾಯಿ ದೂರದಿಂದ ಬಂದು ಒಂದು ಹಿಡಿ ಹಾಕಿ, ಯಾರ ಮುಖವನ್ನೂ ನೋಡದೆ ಹೊರಟಳು. ಹೊತ್ತು ಇಳಿಯುತ್ತಿತ್ತು.

ಜನ ಹೊಳೆಗೆ ಕೈಕಾಲು ತೊಳೆಯಲು ಇಳಿದರು. ಗುರುಪುತ್ರಪ್ಪ ಹಿಂದೆ ಉಳಿದ. ಬಂಡೆಪ್ಪ ಗುಡ್ಡೆಯನ್ನು ಸಲಿಕೆಯ ಬೆನ್ನಿನಿಂದ ತಟ್ಟಿ ಸರಿಮಾಡುತ್ತಿದ್ದ.

"ಸಾವುಕಾರ್ರ, ಒಂದು ಮಾತ ಕೇಳ್ಲೇನ್ರಿ?"

"ಕೇಳಪಾ."

"ಈ ಬಾಜುಕ ಜಾಗಾ ಹಿಡಿದಿಡೂದೈತೇನ್ರಿ? ಈಗ ಹೇಳಿದ್ರ ಗುರುತು ಮಾಡಿ ಇಡ್ತೇನಿ. ನಾಳೆ ಬ್ಯಾರೆಯವರು ಬಂದ್ರ ನನಗ ಇಲ್ಲ ಅನ್ನಾಕ ಬರಾಂಗಿಲ್ಲ."

ಗುರುಪುತ್ರಪ್ಪ ಆ ಜಾಗವನ್ನು ನೋಡಿದ. ಕೆಮ್ಮಣ್ಣು, ಅಲ್ಲಲ್ಲಿ ಒಣ ಹುಲ್ಲು. ಮುಂದೆ ಹೊಳೆ ತಿರುಗುವುದು ಕಾಣುತ್ತಿತ್ತು. ಲೋಂಡಾದ ಕಡೆಯಿಂದ ಗಾಡಿಯೊಂದು ಸೀಟಿ ಹಾಕುತ್ತ ಬರುತ್ತಿತ್ತು. ಅವನು ಬೆಳಗಿನಿಂದ ಏನೂ ತಿಂದಿರಲಿಲ್ಲ. ಕಾಲುಗಳು ನೋಯುತ್ತಿದ್ದವು. ಮೆಲ್ಲಗೆ ಬಗ್ಗಿ, ನೆಲಕ್ಕೆ ಕೈಯೂರಿ, ಗುಡ್ಡೆಯ ಪಕ್ಕ ಚಕ್ಕಳ ಬಕ್ಕಳ ಹಾಕಿ ಕುಳಿತ.

ರಸ್ತೆಯಿಂದ ಟೆಂಪೋದವನು ಹಾರ್ನ್ ಹೊಡೆದ. ಸ್ವಲ್ಪ ತಡೆದು ಮತ್ತೊಮ್ಮೆ ಹೊಡೆದ.

ಕುಳಿತವನು ಹೊಳೆಯ ಕಡೆ ನೋಡುತ್ತಿದ್ದನೇ ಹೊರತು ಏಳಲಿಲ್ಲ. ಬಂಡೆಪ್ಪ ಸಲಿಕೆಯನ್ನು ಓರೆ ಮಾಡಿಕೊಂಡ. ಅದರ ಮೂಲೆಯನ್ನು ನೆಲಕ್ಕೆ ಊರಿ, ಗುರುಪುತ್ರಪ್ಪನ ಮೊಣಕಾಲಿಗೆ ತಾಗದಷ್ಟು ಅಂತರ ಬಿಟ್ಟು, ಅವನ ಸುತ್ತ ಒಂದು ಗೆರೆ ಎಳೆದ.